ತೇಲುವ ತೋರಿಗೆ ತಿಂಗಳಲ್ಲ, ತಿಥಿ ನೋಡಿ

ಜಪಾನಿಗೆ ಹೊರಟವರ ಪ್ರವಾಸದ ಪಟ್ಟಿ ತಿದ್ದಿಕೊಡುವುದು ನನ್ನ ಕೆಲಸ. ಹಿರೋಶಿಮಾ ಪಕ್ಕದ ಮಿಯಾಜಿಮಾ ದ್ವೀಪ, ಅಲ್ಲಿನ ಇತ್ಸುಕುಶಿಮಾ ಗುಡಿ, ಅದರ ಎದುರು ಕಡಲಲ್ಲಿ ನಿಂತಿರುವ ಕೆಂಪು ಬಾಗಿಲು. ಇದರ ಬಗ್ಗೆ ವಾರಕ್ಕೊಂದಾದರೂ ಪತ್ರ ಬರುತ್ತದೆ. ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಒಂದೇ ಸಲ ಉತ್ತರ ಬರೆದು ಮುಗಿಸುತ್ತಿದ್ದೇನೆ. ವೀಸಾ, ಸಿಮ್ ಕಾರ್ಡ್, ಕೊಡೆ ಇತ್ಯಾದಿ ನಿಮಗೇ ಗೊತ್ತಿರುತ್ತದೆ, ಕೇಳಬೇಡಿ.

ಪ್ರಶ್ನೆ: ಅಪ್ಪ, ಅಮ್ಮ, ನಾವಿಬ್ಬರು, ಒಟ್ಟು ನಾಲ್ಕು ಜನ ಬೆಂಗಳೂರಿನಿಂದ ಹೊರಟಿದ್ದೇವೆ. ಉಳಿಯುವುದು ಒಸಾಕಾದಲ್ಲಿ. ಒಂದು ದಿನದಲ್ಲಿ ಮಿಯಾಜಿಮಾ ನೋಡಿ ಬರಬೇಕು. ಆ ಬಾಗಿಲು ನೀರಿನ ಮೇಲೆ ತೇಲುವುದು ಯಾವ ತಿಂಗಳಲ್ಲಿ? ಏಜೆಂಟರು ಏಪ್ರಿಲ್ ಅನ್ನುತ್ತಾರೆ, ಯೂಟ್ಯೂಬಿನಲ್ಲಿ ನವೆಂಬರ್ ಅನ್ನುತ್ತಾರೆ.

ಏಪ್ರಿಲ್‌ನಲ್ಲಿ ಚೆರ್ರಿ ಹೂ, ನವೆಂಬರ್‌ನಲ್ಲಿ ಕೆಂಪು ಮೇಪಲ್ ಎಲೆ. ಬಾಗಿಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಬಾಗಿಲಿಗೆ ತೋರಿ ಅಂತ ಹೆಸರು. ಅದು ವರ್ಷದ ಎಲ್ಲ ತಿಂಗಳಲ್ಲೂ ತೇಲಿದ ಹಾಗೆ ಕಾಣುತ್ತದೆ, ಎಲ್ಲ ತಿಂಗಳಲ್ಲೂ ಕೆಸರಿನಲ್ಲಿ ನಿಂತಿರುತ್ತದೆ. ಕೆಲವೊಮ್ಮೆ ಎರಡೂ ಒಂದೇ ದಿನ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ ಅಂತ ಏಜೆಂಟರಿಗೆ ಯಾರೂ ಹೇಳಿಲ್ಲವೋ ಏನೋ.

ಅಲ್ಲಿನ ಉಬ್ಬರ ಇಳಿತ ಸಣ್ಣದಲ್ಲ. ಜೋರಿರುವ ದಿನ ನೀರಿನ ಮಟ್ಟ ಸುಮಾರು 4 ಮೀಟರ್ ಮೇಲೆ ಕೆಳಗೆ ಆಗುತ್ತದೆ. ನಮ್ಮ ಮಂಗಳೂರಿನ ಕಡಲಲ್ಲಿ ಅದರ ಅರ್ಧವೂ ಆಗುವುದಿಲ್ಲ. ಹಾಗಾಗಿ ನಮ್ಮ ಕರಾವಳಿಯವರು ಕೂಡ ಅಲ್ಲಿ ಮೋಸ ಹೋಗುತ್ತಾರೆ.

ಎರಡು ಅಂಕಿ ನೆನಪಿಟ್ಟುಕೊಳ್ಳಿ. ನೀರು 250 ಸೆಂಟಿಮೀಟರ್ ದಾಟಿದರೆ ತೋರಿ, ಗುಡಿ ಎರಡೂ ತೇಲಿದ ಹಾಗೆ ಕಾಣುತ್ತವೆ. 100ಕ್ಕಿಂತ ಕೆಳಗಿಳಿದರೆ ತೋರಿಯ ಬುಡದವರೆಗೆ ನಡೆದು ಹೋಗಬಹುದು. ಇಡೀ ವರ್ಷದ ಉಬ್ಬರ ಇಳಿತದ ಪಟ್ಟಿ, ಗಂಟೆ ನಿಮಿಷ ಸಮೇತ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಜಪಾನಿನ ಹವಾಮಾನ ಇಲಾಖೆಯೂ ಹಾಕುತ್ತದೆ. 'ಉಬ್ಬರದ ಹೊತ್ತಿಗೇ ಕರೆದುಕೊಂಡು ಹೋಗುತ್ತೇವೆ' ಅಂತ ಹೇಳಿ ಇದೇ ಪಟ್ಟಿಗೆ ದುಡ್ಡು ಕೀಳುವವರನ್ನು ನೋಡಿದ್ದೇನೆ. ಕೊಡಬೇಡಿ.

ಪಟ್ಟಿ ನೋಡುವ ಮೊದಲೇ ಅಂದಾಜು ಬೇಕಾದರೆ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನ, ಅದರಾಚೆಯ ದಿನ ಉಬ್ಬರ ಜೋರು. ಆ ದಿನಗಳಲ್ಲಿ ಅಲ್ಲಿ ಬೆಳಗ್ಗೆ 9-10ರ ಸುಮಾರಿಗೆ ನೀರು ತುಂಬಿರುತ್ತದೆ, ಮಧ್ಯಾಹ್ನ 3-4ರ ಸುಮಾರಿಗೆ ಪೂರ್ತಿ ಇಳಿದಿರುತ್ತದೆ. ದಿನ ಹೋದ ಹಾಗೆ ಮುಕ್ಕಾಲು ಗಂಟೆ, ಒಂದು ಗಂಟೆ ತಡವಾಗುತ್ತಾ ಹೋಗುತ್ತದೆ. ಅಷ್ಟಮಿಯ ಆಸುಪಾಸು ಮಾತ್ರ ಬೇಡ. ಆಗ ನೀರು ಸರಿಯಾಗಿ ತುಂಬುವುದೂ ಇಲ್ಲ, ಸರಿಯಾಗಿ ಇಳಿಯುವುದೂ ಇಲ್ಲ. ಫೋಟೊನೂ ಇಲ್ಲ, ನಡಿಗೆನೂ ಇಲ್ಲ. ಟಿಕೆಟ್ ತೆಗೆಯುವಾಗ ರಾಹುಕಾಲ ನೋಡುವವರು ತಿಥಿಯನ್ನೂ ಒಂದು ಸಲ ನೋಡಿದರೆ ನನಗೆ ಪತ್ರ ಬರೆಯುವ ಕೆಲಸ ತಪ್ಪುತ್ತದೆ.

ಇನ್ನು ನಿಮ್ಮ ದಿನದ ಲೆಕ್ಕ. ಹುಣ್ಣಿಮೆಯ ಮರುದಿನ ಅಂತ ಇಟ್ಟುಕೊಳ್ಳೋಣ. ಶಿನ್-ಒಸಾಕಾ ನಿಲ್ದಾಣದಿಂದ ಬೆಳಗ್ಗೆ 6ರ ಹೊತ್ತಿನ ಶಿಂಕನ್ಸೆನ್ (ಬುಲೆಟ್ ರೈಲು) ಹಿಡಿಯಿರಿ. ಒಂದೂವರೆ ಗಂಟೆಯಲ್ಲಿ ಹಿರೋಶಿಮಾ. ಅಲ್ಲಿಂದ ಹಡಗುಕಟ್ಟೆಯಿರುವ ಮಿಯಾಜಿಮಾಗುಚಿಗೆ ಜೆಆರ್ (ಜಪಾನ್ ರೈಲ್ವೆ) ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಟ್ರಾಮ್ ಕೂಡ ಹೋಗುತ್ತದೆ, ಆದರೆ ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಚೆನ್ನಾಗಿರುತ್ತದೆ, ಆದರೆ ಆ ದಿನ ಬೇಡ. ಮಿಯಾಜಿಮಾಗುಚಿಯಿಂದ ಹಡಗಿನಲ್ಲಿ 10 ನಿಮಿಷ. ದ್ವೀಪಕ್ಕೆ ಹೋಗುವವರು ತಲಾ 100 ಯೆನ್ ಸುಂಕ ಬೇರೆ ಕೊಡಬೇಕು, 2023ರ ಅಕ್ಟೋಬರ್‌ನಿಂದ ಶುರುವಾಗಿದೆ. ಹೋಗುವಾಗ ಹಡಗಿನ ಬಲಗಡೆ ನಿಂತುಕೊಳ್ಳಿ, ತೋರಿ ಆ ಕಡೆ ಕಾಣುತ್ತದೆ. 9 ಗಂಟೆಯೊಳಗೆ ಗುಡಿಯ ಬಾಗಿಲಲ್ಲಿರುತ್ತೀರಿ. ನೀರು ತುಂಬಿರುತ್ತದೆ, ಜನ ಇನ್ನೂ ತುಂಬಿರುವುದಿಲ್ಲ.

ಒಳಗೆ ಓಡಬೇಡಿ. ಈ ಗುಡಿಗೆ ಈಗಿನ ರೂಪ ಕೊಟ್ಟದ್ದು 1168ರಲ್ಲಿ ತಾಯಿರಾ ನೊ ಕಿಯೊಮೊರಿ ಎಂಬ ಸೇನಾನಾಯಕ. ಪಡಸಾಲೆಯಲ್ಲಿ ನಡೆಯುವಾಗ ಕೆಳಗೆ ನೋಡಿ. ನೆಲದ ಹಲಗೆಗಳ ನಡುವೆ ಸಂದು ಬಿಟ್ಟಿದ್ದಾರೆ. ಅದರೊಳಗೆ ನೀರು ಹೊಳೆಯುವುದು ಕಾಣುತ್ತದೆ. ಬಿರುಗಾಳಿಗೆ ಕಡಲು ಉಕ್ಕಿದಾಗ ನೀರು ಆ ಸಂದಿನಲ್ಲಿ ಮೇಲೆ ಬಂದು ಒತ್ತಡ ಇಳಿಯುತ್ತದೆ, ನೆಲ ಕಿತ್ತುಹೋಗುವುದಿಲ್ಲ. ಹಾಗಿದ್ದೂ 1991, 2004ರ ಚಂಡಮಾರುತಗಳಲ್ಲಿ ಗುಡಿಗೆ ಪೆಟ್ಟು ಬಿತ್ತು. ಸೆಪ್ಟೆಂಬರ್‌ನಲ್ಲಿ ಹೋಗುವವರು ಹಿಂದಿನ ದಿನ ಹವಾಮಾನ ನೋಡಿಯೇ ಹೊರಡಿ. ನೀರು ಅತಿಯಾದರೆ ಪಡಸಾಲೆಯೇ ಮುಳುಗುತ್ತದೆ, ಒಳಗೆ ಬಿಡುವುದಿಲ್ಲ.

ಮಧ್ಯಾಹ್ನ ಪೇಟೆಬೀದಿ, ಗುಡ್ಡದ ತಪ್ಪಲಿನ ದೈಶೋ-ಇನ್ ದೇವಸ್ಥಾನ, ಊಟ, ಒಂದಿಷ್ಟು ಸುಮ್ನೆ ಕೂರುವುದು. ಅಪ್ಪ ಅಮ್ಮ ಇದ್ದಾರೆ, ನೆನಪಿರಲಿ. ಮಿಸೆನ್ ಬೆಟ್ಟ 535 ಮೀಟರ್. 'ರೋಪ್‌ವೇ ತುದಿಗೇ ಬಿಡುತ್ತದೆ' ಅಂತ ಬರೆಯುವವರ ಮಂಡಿ ಗಟ್ಟಿ ಇರಬೇಕು. ರೋಪ್‌ವೇ ಇಳಿದ ಮೇಲೂ ತುದಿಗೆ ಅರ್ಧ ಗಂಟೆ ಹತ್ತಿ ಇಳಿಯುವ ದಾರಿ ಇದೆ, ಮೆಟ್ಟಿಲು ಸಮೇತ. ಮಂಡಿನೋವಿದ್ದವರನ್ನು ಕರೆದೊಯ್ಯಬೇಡಿ. ನಾನು ಹೀಗೆ ಹೇಳಿದರೆ ಕೆಲವರಿಗೆ ಬೇಜಾರು. ಆದರೂ ಹೇಳುತ್ತೇನೆ.

3 ಗಂಟೆಗೆ ಮತ್ತೆ ದಡಕ್ಕೆ ಬನ್ನಿ. ಬೆಳಗ್ಗೆ ತೇಲುತ್ತಿದ್ದ ತೋರಿ ಈಗ ಒದ್ದೆ ಮರಳಿನಲ್ಲಿ ನಿಂತಿರುತ್ತದೆ. ನಾನು ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ಪಟ್ಟಿ ನೋಡಿರಲಿಲ್ಲ. ಈಗ ಬೈಯುತ್ತಿರುವುದು ಅದಕ್ಕೇ. ಮಧ್ಯಾಹ್ನ ಮೂರೂವರೆಗೆ ತಲುಪಿದ್ದೆವು. "ಇದೇನೋ, ಗದ್ದೆಯಲ್ಲಿ ನಿಲ್ಲಿಸಿದ ಹಾಗಿದೆ!" ಅಂದಳು ಅಮ್ಮ. ನನಗೆ ಮುಖ ತೋರಿಸಲಾಗಲಿಲ್ಲ. ಅವಳು ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿಕಟ್ಟಿ ನಡೆದೇಬಿಟ್ಟಳು. ಹತ್ತಿರ ಹೋದರೆ ಪಾಚಿಯ ವಾಸನೆ. ಕಂಬದ ಬುಡಕ್ಕೆ ಚಿಪ್ಪು ಕಚ್ಚಿಕೊಂಡಿವೆ. ಕಂಬ ಅಂದರೆ ಕೆತ್ತಿ ನುಣುಪು ಮಾಡಿದ್ದಲ್ಲ, ಇಡೀ ಕರ್ಪೂರದ ಮರದ ಕಾಂಡವೇ, ಉಬ್ಬು ತಗ್ಗು ಎಲ್ಲ ಹಾಗೇ ಇದೆ. ಸುತ್ತಳತೆ ಸುಮಾರು 10 ಮೀಟರ್. ಅಮ್ಮ ಅದರ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತಿದ್ದಳು. ಊರಿಗೆ ಬಂದ ಮೇಲೆ ಎಲ್ಲರಿಗೂ ಹೇಳಿದ್ದು ಆ ಕಂಬದ ಕಥೆ.

ಈಗಿನ ತೋರಿ 1875ರದ್ದು. ಎತ್ತರ 16 ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ತೂಕ ಸುಮಾರು 60 ಟನ್. ನೆಲದೊಳಗೆ ಹೂತಿಲ್ಲ, ತನ್ನ ಭಾರಕ್ಕೆ ತಾನೇ ನಿಂತಿದೆ. ಭಾರ ಸಾಲದು ಅಂತ ಮೇಲಿನ ತೊಲೆಯನ್ನು ಪೆಟ್ಟಿಗೆಯ ಹಾಗೆ ಮಾಡಿ ಅದರೊಳಗೆ ಮುಷ್ಟಿ ಗಾತ್ರದ ಕಲ್ಲು ತುಂಬಿದ್ದಾರೆ, ಸುಮಾರು 7 ಟನ್. 2019ರಿಂದ 2022ರ ಕೊನೆಯವರೆಗೆ ದುರಸ್ತಿ ನಡೆಯಿತು. 'ಈಗಲೂ ಪರದೆ ಕಟ್ಟಿದ್ದಾರಂತೆ ಹೌದಾ' ಅಂತ ಇನ್ನೂ ಕೇಳುವವರು ಹಳೆಯ ವಿಡಿಯೊ ನೋಡುವುದನ್ನು ಬಿಡಬೇಕು.

ಕೊನೆಯದಾಗಿ, ಅದೇ ದಿನ ಹಿರೋಶಿಮಾದ ಶಾಂತಿ ಸ್ಮಾರಕ ಮ್ಯೂಸಿಯಂ ಕೂಡ ತುರುಕುವ ಪ್ಯಾಕೇಜ್‌ಗಳಿವೆ. ಬೇಡ. ಬಾಂಬಿನಲ್ಲಿ ಸುಟ್ಟ ಮಗುವಿನ ಬಟ್ಟೆ ನೋಡಿ ಹೊರಗೆ ಬಂದು ಹತ್ತು ನಿಮಿಷದಲ್ಲಿ ಹಡಗು ಹಿಡಿಯಲು ಓಡುವುದು ನನ್ನಿಂದಾಗದು, ನಿಮ್ಮಿಂದಲೂ ಆಗಬಾರದು. ಅದಕ್ಕೆ ಇನ್ನೊಂದು ದಿನ ಇಡಿ, ಇಲ್ಲವೇ ಹಿರೋಶಿಮಾದಲ್ಲಿ ಒಂದು ರಾತ್ರಿ ಉಳಿಯಿರಿ.

ಪ್ರಶ್ನೆ: ಇಡೀ ದೇಶದ ಜೆಆರ್ ಪಾಸ್ ತೆಗೆದರೆ ಉಳಿತಾಯವೇ?

7 ದಿನದ್ದು 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ ಒಮ್ಮೆಗೇ 50,000ಕ್ಕೆ ಹಾರಿತು. ಒಸಾಕಾದಿಂದ ಹೋಗಿ ಬರುವವರಿಗೆ ಅದು ನಷ್ಟ, ಕನ್ಸಾಯ್ (ಒಸಾಕಾ ಸುತ್ತಲಿನ ಪ್ರದೇಶ)-ಹಿರೋಶಿಮಾ ವಲಯದ ಪಾಸ್ ಕೇಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ದ್ವೀಪದಲ್ಲಿ ಏನು ತಿನ್ನುವುದು?

ತಂದದ್ದು. ಅಲ್ಲಿನ ಹೆಸರುವಾಸಿ ತಿನಿಸು ಸಿಂಪಿ ಮತ್ತು ಹಾವುಮೀನಿನ ಅನ್ನ. ತರಕಾರಿ ನೂಡಲ್ಸ್ ಅಂದರೂ ಅದರ ಸಾರು ಒಣಮೀನಿನದ್ದು. 'ಮೀನಿನ ತುಂಡು ತೆಗೆದುಕೊಡಿ' ಅಂದರೆ ಖುಷಿಯಿಂದ ತೆಗೆದುಕೊಡುತ್ತಾರೆ, ಸಾರು ಅದೇ ಇರುತ್ತದೆ. ಮೇಪಲ್ ಎಲೆಯ ಆಕಾರದ 'ಮೊಮಿಜಿ ಮಂಜು' ಎಂಬ ಸಿಹಿ ತಿನಿಸು ಎಲ್ಲ ಅಂಗಡಿಯಲ್ಲೂ ಬಿಸಿಬಿಸಿ ಸಿಗುತ್ತದೆ. ಒಳಗಿನ ಕೆಂಪು ಕಾಳಿನ ಸಿಹಿ ನಮ್ಮ ಹೋಳಿಗೆ ಹೂರಣದ ದಾಯಾದಿ. ಆದರೆ ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಹಿಂದಿನ ರಾತ್ರಿಯೇ ಚಪಾತಿ ಚಟ್ನಿಪುಡಿ ಕಟ್ಟಿಕೊಳ್ಳಿ, ಅಥವಾ ಗೊಜ್ಜವಲಕ್ಕಿ. ದ್ವೀಪದಲ್ಲಿ ಕಸದ ಡಬ್ಬಿ ಸಿಗುವುದು ಕಷ್ಟ, ಕಸ ವಾಪಸ್ ತರಲು ಒಂದು ಚೀಲ ಇರಲಿ.

ಪ್ರಶ್ನೆ: ತೋರಿಯ ಬಿರುಕಿನಲ್ಲಿ ನಾಣ್ಯ ಸಿಕ್ಕಿಸಿದರೆ ಅದೃಷ್ಟ ಅಂತ ರೀಲ್ಸ್‌ನಲ್ಲಿ ನೋಡಿದೆ.

ಮರ ಹಾಳಾಗುತ್ತದೆ, ಅಷ್ಟೇ. ನಮ್ಮೂರ ದೇವಸ್ಥಾನದ ಕಂಬಕ್ಕೆ ಯಾರಾದರೂ ಮೊಳೆ ಹೊಡೆದರೆ ಸುಮ್ಮನಿರುತ್ತೀರಾ? ಕಾಣಿಕೆಗೆ ಗುಡಿಯಲ್ಲಿ ಪೆಟ್ಟಿಗೆ ಇದೆ.

ಪ್ರಶ್ನೆ: ಗಂಡ ಹೆಂಡತಿ ಜೊತೆಗೆ ಹೋದರೆ ಅಲ್ಲಿನ ದೇವಿ ಹೊಟ್ಟೆಕಿಚ್ಚಿನಿಂದ ಬೇರೆ ಮಾಡುತ್ತಾಳಂತೆ?

ನೀರಿಳಿದ ಹೊತ್ತಿಗೆ ಕರೆದುಕೊಂಡು ಹೋದರೆ ಜಗಳ ಖಂಡಿತ. ದೇವಿಯನ್ನು ಎಳೆಯಬೇಡಿ.

ಪ್ರಶ್ನೆ: 'ತೋರಿ' ನಮ್ಮ 'ತೋರಣ'ದಿಂದ ಬಂದದ್ದು, ಅದು ಹಿಂದೂ ದೇವಸ್ಥಾನ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?

ತೋರಣದಿಂದ ಬಂದಿರಬಹುದು ಅನ್ನುವ ವಾದವಿದೆ, ಸಾಬೀತಾಗಿಲ್ಲ. ಅದು ಜಪಾನಿನ ಮೂಲ ಧರ್ಮವಾದ ಶಿಂಟೊದ ಗುಡಿ, ಮೂವರು ಕಡಲ ದೇವಿಯರದ್ದು. ನಿಜವಾದ ನಂಟು ಬೇಕಾದರೆ ಗುಡಿಯಿಂದ ಹೊರಬಿದ್ದ ಕೂಡಲೇ ಪಕ್ಕದಲ್ಲಿ ದೈಗನ್-ಜಿ ಎಂಬ ಬೌದ್ಧ ದೇವಸ್ಥಾನವಿದೆ, ಅಲ್ಲಿಗೆ ಹೋಗಿ. ಅಲ್ಲಿರುವ ಬೆನ್‌ಝೈತೆನ್ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿ. ಚೀನಾ ದಾಟಿ, ಬೌದ್ಧರ ಜೊತೆ ಜಪಾನಿಗೆ ಹೋದವಳು. ಹಿಂದೆ ದ್ವೀಪದ ದೇವಿಯನ್ನೂ ಇವಳನ್ನೂ ಒಂದೇ ಅಂತ ಪೂಜಿಸುತ್ತಿದ್ದರು. 1868ರ ನಂತರ ಶಿಂಟೊ ಬೇರೆ, ಬೌದ್ಧ ಬೇರೆ ಅಂತ ಸರ್ಕಾರ ಗೆರೆ ಎಳೆದ ಮೇಲೆ ಇವಳ ವಾಸ ದೈಗನ್-ಜಿಗೆ ಬದಲಾಯಿತು. ಮೈಲಿಗೆಯ ಲೆಕ್ಕವೂ ನಮ್ಮದೇ ಥರ. ಇಡೀ ದ್ವೀಪವೇ ದೇವರು ಅಂತ ನಂಬಿದ್ದರಿಂದ ಅಲ್ಲಿ ಹೆರಿಗೆಯೂ ಆಗಬಾರದು, ಸಾವೂ ಆಗಬಾರದು ಅಂತ ಕಟ್ಟಳೆ ಇತ್ತು. ಇವತ್ತಿಗೂ ದ್ವೀಪದಲ್ಲಿ ಸಮಾಧಿಗಳಿಲ್ಲ. ವಾಟ್ಸಾಪ್‌ನವರು ಇದನ್ನು ಯಾಕೆ ಕಳಿಸುವುದಿಲ್ಲವೋ.

ಪ್ರಶ್ನೆ: ಜಿಂಕೆಗಳಿಗೆ ಬಿಸ್ಕತ್ತು ಹಾಕಬಹುದಾ?

ಹಾಕಬಾರದು. ನಾರಾ ಊರಿನ ಥರ ಇಲ್ಲಿ ಜಿಂಕೆ ಬಿಸ್ಕತ್ತು ಮಾರುವುದಿಲ್ಲ. ನೀವು ಹಾಕದಿದ್ದರೂ ಅವು ಬರುತ್ತವೆ, ಕಾಗದ ಕಂಡರೆ ಬಿಡುವುದಿಲ್ಲ. ನನ್ನ ಪ್ಯಾಂಟಿನ ಹಿಂದಿನ ಜೇಬಿನಲ್ಲಿದ್ದ ವಾಪಸ್ ರೈಲಿನ ಟಿಕೆಟ್ಟನ್ನು ಅರ್ಧ ಜಗಿದ ಮೇಲೆಯೇ ನನಗೆ ಗೊತ್ತಾದದ್ದು. ಟಿಕೆಟ್ ಒಳಜೇಬಿನಲ್ಲಿಡಿ.