ಓದುಗರ ಪ್ರಶ್ನೆ: ಮಾಗಿಯ ದೀಪಗಳು, ಅರಸರ ಉದ್ಯಾನಗಳು

ಕಾಫಿ ಕೊಯ್ಲು ಆರಂಭವಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಈ ಸಲ ಹಾಗಾಗಿಲ್ಲ. ಡಿಸೆಂಬರಿನಲ್ಲಿ ಮೈಸೂರಿಗೆ ಹೋಗಿ ದೀಪಾಲಂಕಾರವನ್ನೂ ಹಳೆಯ ಉದ್ಯಾನಗಳನ್ನೂ ನಡೆದು ನೋಡುವ ಬಗ್ಗೆ ಹಲವರು ಬರೆದಿದ್ದಾರೆ. ಮಡಿಕೇರಿಯವರೊಬ್ಬರು ಮಾತ್ರ, ಮೈಸೂರಿನ ದೀಪಗಳನ್ನೇ ನಮ್ಮೂರಿಗೆ ತರಬಾರದೇಕೆ ಎಂದು ಕೇಳಿದ್ದಾರೆ. ಅವರ ಪತ್ರವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಕೊಯ್ಲಿನ ನಡುವೆ ನಮಗೆ ಸಿಗುವುದು ಒಂದು ಭಾನುವಾರದ ಬಿಡುವು ಮಾತ್ರ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬೇಕು. ಎಪ್ಪತ್ತೆರಡು ವರ್ಷದ ಅಮ್ಮ ಜೊತೆಯಲ್ಲಿರುತ್ತಾರೆ, ಅವರಿಗೆ ಮಂಡಿನೋವು. ಅರಮನೆಯ ದೀಪ ಮತ್ತು ಒಂದೆರಡು ಉದ್ಯಾನಗಳನ್ನು ಹೇಗೆ ಹೊಂದಿಸಿಕೊಳ್ಳಬಹುದು? (ಸೋಮವಾರಪೇಟೆ)

ಉತ್ತರ: ಭಾನುವಾರವೇ ಆಗಿರುವುದು ನಿಮ್ಮ ಅದೃಷ್ಟ. ಅರಮನೆಯ ಪೂರ್ಣ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳಂದು ಸಂಜೆ ಏಳಕ್ಕೆ ಆರಂಭವಾಗಿ ಸುಮಾರು ಒಂದು ಗಂಟೆ ಇರುತ್ತದೆ. ಆದ್ದರಿಂದ ದಿನದ ಲೆಕ್ಕವನ್ನು ಬೆಳಗಿನಿಂದ ಮುಂದಕ್ಕೆ ಹಾಕದೆ, ಸಂಜೆ ಏಳರಿಂದ ಹಿಂದಕ್ಕೆ ಹಾಕಿಕೊಂಡು ಬನ್ನಿ. ಮೃಗಾಲಯ, ಚಾಮುಂಡಿ ಬೆಟ್ಟ, ಕೃಷ್ಣರಾಜಸಾಗರ ಎಲ್ಲವನ್ನೂ ಅದೇ ದಿನ ಮುಗಿಸುವ ಆಸೆಯನ್ನು ದಯವಿಟ್ಟು ಬಿಡಿ. ಹಾಗೆ ಓಡಾಡಿ ದಣಿದ ಕುಟುಂಬಗಳು ಏಳು ಗಂಟೆಗೆ ಅರಮನೆಯ ಮುಂದೆ ನಿಂತು ದೀಪದ ಬದಲು ಗಡಿಯಾರ ನೋಡುತ್ತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ಮೈಸೂರು ತಲುಪಿದರೆ ಸಾಕು. ಊಟವಾದ ಮೇಲೆ ಅಮ್ಮನವರು ಒಂದು ಗಳಿಗೆ ವಿಶ್ರಾಂತಿ ಪಡೆಯಲಿ. ನಾಲ್ಕೂವರೆಯ ಸುಮಾರಿಗೆ ಕರ್ಜನ್ ಪಾರ್ಕಿನಿಂದ ನಡಿಗೆ ಆರಂಭಿಸಿ. ಇದು ಗ್ರಾಮಾಂತರ ಬಸ್ ನಿಲ್ದಾಣಕ್ಕೂ ಅರಮನೆಗೂ ಹತ್ತಿರದಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದೆಂದು ಭಾವಿಸುವವರಿದ್ದಾರೆ, ಆದರೆ ಹೆಸರೇ ಹೇಳುವಂತೆ ಇದು ಲಾರ್ಡ್ ಕರ್ಜನ್ ವೈಸರಾಯ್ ಆಗಿದ್ದ ಕಾಲದ ನೆನಪು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತಾಧಿಕಾರ ವಹಿಸಿಕೊಂಡ ಸಮಾರಂಭಕ್ಕೆ ಅವರು ಬಂದಿದ್ದರು. ಹಳೆಯ ಮರಗಳ ನೆರಳಿನಲ್ಲಿ ಕೂರಲು ಜಾಗ ಸಿಗುತ್ತದೆ. ಅಲ್ಲಿಂದ ನಿಧಾನವಾಗಿ ದೊಡ್ಡ ಗಡಿಯಾರದ ಕಡೆ ಬನ್ನಿ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಅರಮನೆಯ ನೌಕರರೇ ಹಣ ಹಾಕಿ 1927ರಲ್ಲಿ ಕಟ್ಟಿಸಿದ ಗೋಪುರವದು, ಎತ್ತರ 75 ಅಡಿ. ಒಡೆಯನಿಗೆ ನೌಕರರು ಕೊಟ್ಟ ಉಡುಗೊರೆ ಊರಿಗೆಲ್ಲ ಹೊತ್ತು ತಿಳಿಸುತ್ತಾ ನಿಂತಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಕ್ರಿಸ್ಮಸ್ ಆಸುಪಾಸಿನ ಭಾನುವಾರವಾದರೆ ಅರಮನೆಯ ಆವರಣದಲ್ಲಿ ಮಾಗಿಯ ಫಲಪುಷ್ಪ ಪ್ರದರ್ಶನವೂ ಇರುತ್ತದೆ. ಅದನ್ನು ಬೆಳಕಿರುವಾಗಲೇ ನೋಡಿ ಮುಗಿಸಿ, ಏಕೆಂದರೆ ಹೂವಿನ ನಿಜವಾದ ಬಣ್ಣವನ್ನು ಬಲ್ಬಿನ ಬೆಳಕು ತಿಂದುಬಿಡುತ್ತದೆ. ಆರೂವರೆಗೆ ಅರಮನೆಯ ಪೂರ್ವದ ಮುಖಕ್ಕೆ ಎದುರಾಗಿ, ಜನಸಂದಣಿಯಿಂದ ತುಸು ಹಿಂದೆ, ಅಮ್ಮನವರಿಗೆ ಕೂರಲು ಅನುಕೂಲವಾದ ಒಂದು ಸ್ಥಳ ಹಿಡಿಯಿರಿ. ಹತ್ತಿರ ಹೋದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬುದು ತಪ್ಪು ಕಲ್ಪನೆ. ಇಡೀ ಕಟ್ಟಡ ಒಂದೇ ನೋಟಕ್ಕೆ ಸಿಗುವಷ್ಟು ದೂರ ಬೇಕು.

ಡಿಸೆಂಬರಿನಲ್ಲಿ ಹೋಗುವವರಿಗೆ ಒಂದು ಲಾಭವಿದೆ. ಸೂರ್ಯ ಆರು ಗಂಟೆ ದಾಟುತ್ತಲೇ ಮುಳುಗುವುದರಿಂದ ಏಳಕ್ಕೆ ಆಕಾಶ ಪೂರ್ತಿ ಕಪ್ಪಾಗಿರುತ್ತದೆ. ಮೇ ತಿಂಗಳಲ್ಲಾದರೆ ಆ ಹೊತ್ತಿಗೆ ಪಡುವಣದಲ್ಲಿ ಇನ್ನೂ ಬೆಳಕಿನ ಅಂಚು ಉಳಿದಿರುತ್ತದೆ. ಮಾಗಿಯ ಕತ್ತಲಲ್ಲಿ ಅರಮನೆ ಮೊದಲು ಬರಿಯ ನೆರಳಿನ ಗುಡ್ಡೆಯಂತೆ ನಿಂತಿರುತ್ತದೆ. ಯಾವ ಮುನ್ಸೂಚನೆಯೂ ಇಲ್ಲದೆ ಕಮಾನು, ಕಂಬ, ಗುಮ್ಮಟ, ಕಳಶ ಎಲ್ಲವೂ ಒಂದೇ ಸಲಕ್ಕೆ ಗೆರೆ ಎಳೆದಂತೆ ಮೂಡುತ್ತವೆ. ಸಾವಿರಾರು ಜನರ ಬಾಯಿಂದ ಒಟ್ಟಿಗೆ ಹೊರಡುವ "ಓ" ಎಂಬ ಉದ್ಗಾರವನ್ನು ಕೇಳಿಸಿಕೊಳ್ಳುವುದಕ್ಕಾದರೂ ಐದು ನಿಮಿಷ ಮುಂಚೆ ಮೊಬೈಲನ್ನು ಜೇಬಿಗೆ ಹಾಕಿಕೊಳ್ಳಿ. ಏಳೂಕಾಲಿಗೆ ಹೊರಟುಬಿಟ್ಟರೆ ಎಲ್ಲರೂ ಒಟ್ಟಿಗೆ ಹೊರಡುವಾಗಿನ ನೂಕುನುಗ್ಗಲಿನಿಂದ ಅಮ್ಮನವರನ್ನು ಪಾರುಮಾಡಬಹುದು.

ಪ್ರಶ್ನೆ: ಅರಮನೆಗೆ ಒಂದು ಲಕ್ಷದಷ್ಟು ಬಲ್ಬುಗಳನ್ನು ಹಾಕುವ ಬದಲು ನಾಲ್ಕು ದೊಡ್ಡ ಫ್ಲಡ್‌ಲೈಟ್‌ಗಳನ್ನು ಹಾಕಿದರೆ ಸಾಲದೇ? ಇದು ಹಳೆಯ ಪದ್ಧತಿಯೋ, ಪ್ರವಾಸಿಗರಿಗಾಗಿ ಈಚೆಗೆ ಮಾಡಿದ್ದೋ? (ವಿರಾಜಪೇಟೆ, ಕಾಲೇಜು ವಿದ್ಯಾರ್ಥಿನಿ)

ಉತ್ತರ: ಬಲ್ಬುಗಳ ಸಂಖ್ಯೆ ಸುಮಾರು 97,000 ಎಂದು ಹೇಳಲಾಗುತ್ತದೆ. ನಿಮ್ಮ ಅಂದಾಜು ಹೆಚ್ಚುಕಡಿಮೆ ಸರಿ. ಆದರೆ ಫ್ಲಡ್‌ಲೈಟ್ ಮಾಡುವ ಕೆಲಸವೇ ಬೇರೆ. ಅದು ಗೋಡೆಯ ಮೇಲೆ ಬೆಳಕನ್ನು ಎರಚುತ್ತದೆ, ಗೋಡೆ ಬೆಳ್ಳಗೆ ಕಾಣುತ್ತದೆ, ಕೆತ್ತನೆಯ ನೆರಳುಗಳೆಲ್ಲ ಅಳಿಸಿಹೋಗುತ್ತವೆ. ಅಂಚಿನುದ್ದಕ್ಕೂ ಪೋಣಿಸಿದ ಸಣ್ಣ ಬಲ್ಬುಗಳು ಗೋಡೆಯನ್ನು ಕತ್ತಲಲ್ಲೇ ಬಿಟ್ಟು, ಶಿಲ್ಪಿ ಕಾಗದದ ಮೇಲೆ ಎಳೆದಿದ್ದ ಗೆರೆಗಳನ್ನಷ್ಟೇ ತೋರಿಸುತ್ತವೆ. ಹಗಲು ನೋಡುವ ಅರಮನೆ ಕಲ್ಲು, ರಾತ್ರಿ ನೋಡುವುದು ಅದರ ನಕ್ಷೆ. ಕಳೆದ ವರ್ಷ ನಾನು ನಿಂತಿದ್ದ ಕಡೆಯಿಂದ ಬಲಗಡೆಯ ಒಂದು ಸಣ್ಣ ಕಮಾನಿನಲ್ಲಿ ಎರಡು ಬಲ್ಬು ಹೊತ್ತಿರಲಿಲ್ಲ. ಅಷ್ಟು ಸಾವಿರದ ನಡುವೆಯೂ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು, ಬಾಯಲ್ಲಿ ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ. ಗೆರೆಯ ಅಲಂಕಾರಕ್ಕೆ ಪ್ರತಿಯೊಂದು ಬಲ್ಬೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಇತಿಹಾಸವನ್ನೂ ಕೇಳಿದ್ದೀರಿ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಆ ಹದಿನೈದು ವರ್ಷಗಳ ನಡುವೆಯೇ ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ಬಂದಿದ್ದು ಗಮನಿಸಬೇಕಾದ ಮಾತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ ಬಂತು, ಮೈಸೂರಿಗೆ ಬಂದದ್ದು 1908ರಲ್ಲಿ. ಮರದ ಅರಮನೆಯನ್ನು ಬೆಂಕಿಗೆ ಕಳೆದುಕೊಂಡ ಊರು, ಬೆಂಕಿಯಿಲ್ಲದ ದೀಪದಿಂದ ಹೊಸ ಅರಮನೆಯನ್ನು ಸಿಂಗರಿಸಿಕೊಂಡಿತು. ಶಿವನಸಮುದ್ರದಲ್ಲಿ ಧುಮುಕಿ ಆ ದೀಪ ಹೊತ್ತಿಸಿದ ನೀರು ನಮ್ಮ ತಲಕಾವೇರಿಯಿಂದ ಇಳಿದು ಬಂದ ನದಿಯದು ಎನ್ನುವುದನ್ನು ಕೊಡಗಿನವರು ತುಸು ಹೆಮ್ಮೆಯಿಂದ ಹೇಳಿಕೊಂಡರೆ ತಪ್ಪಿಲ್ಲ.

ಪ್ರಶ್ನೆ: ನನ್ನ ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲಿ ಅರಮನೆ ಹಳದಿ ಮುದ್ದೆಯಂತೆ ಕಾಣುತ್ತದೆ. ಏನು ಮಾಡಬೇಕು? (ಗೋಣಿಕೊಪ್ಪ)

ಉತ್ತರ: ಸುತ್ತಲಿನ ಕತ್ತಲನ್ನು ಕಂಡ ಕ್ಯಾಮೆರಾ ಬೆಳಕು ಸಾಲದೆಂದು ತಾನೇ ತೀರ್ಮಾನಿಸಿ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಪರದೆಯ ಮೇಲೆ ದೀಪವಿರುವ ಭಾಗವನ್ನು ಬೆರಳಿನಿಂದ ಒತ್ತಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಬಲ್ಬುಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುವವರೆಗೆ ಎಳೆಯಬೇಕು. ಕೈ ಅಲುಗದಂತೆ ಕಂಬಕ್ಕೋ ಗೋಡೆಗೋ ಒರಗಿಕೊಳ್ಳಿ. ಅರಮನೆಗೆ ಫ್ಲ್ಯಾಶ್ ಹಾಕುವುದರಿಂದ ಮುಂದೆ ನಿಂತವರ ತಲೆಗೂದಲು ಬೆಳಗುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ.

ಪ್ರಶ್ನೆ: ಕ್ರಿಸ್ಮಸ್ ವಾರದಲ್ಲಿ ಎರಡು ದಿನ ಮೈಸೂರಿನಲ್ಲಿ ಉಳಿಯುತ್ತೇವೆ. ಅರಮನೆಯಲ್ಲದೆ ಬೇರೆ ದೀಪಗಳೇನಿವೆ? ಬೃಂದಾವನಕ್ಕೆ ಹೋಗಬಹುದೇ? (ಕುಶಾಲನಗರ)

ಉತ್ತರ: ಒಂದು ಸಂಜೆಯನ್ನು ಸಂತ ಫಿಲೋಮಿನಾ ಚರ್ಚಿಗೆ ಮೀಸಲಿಡಿ. ನಾಲ್ವಡಿಯವರು 1933ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಸುಮಾರು 175 ಅಡಿ ಎತ್ತರದ ಅವಳಿ ಗೋಪುರಗಳು ಕ್ರಿಸ್ಮಸ್ ರಾತ್ರಿ ದೀಪ ಹೊತ್ತು ನಿಂತಿರುವುದನ್ನು ಅಶೋಕ ರಸ್ತೆಯಲ್ಲಿ ದೂರದಿಂದ ನಡೆದುಬರುತ್ತಾ ನೋಡಬೇಕು. ಪ್ರಾರ್ಥನೆಗೆ ಬಂದವರ ನಡುವೆ ಇರುವುದರಿಂದ ಒಳಗೆ ಮೆಲ್ಲನೆ ನಡೆಯಿರಿ, ಚಿತ್ರ ತೆಗೆಯುವ ಮುನ್ನ ಕೇಳಿ.

ಬೃಂದಾವನಕ್ಕೆ ಇನ್ನೊಂದು ಸಂಜೆ ಹೋಗಿ, ಆದರೆ ಸಾಧ್ಯವಾದಷ್ಟೂ ವಾರದ ನಡುವಿನ ದಿನ ಆರಿಸಿಕೊಳ್ಳಿ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ರೂಪುಗೊಂಡ ಈ ತೋಟದ ಹಂತಹಂತದ ಕಟ್ಟೆಗಳು, ಕಾಲುವೆಗಳು ಕಾಶ್ಮೀರದ ಮೊಘಲ್ ತೋಟಗಳ ಮಾದರಿಯವು. ಎಲ್ಲರೂ ಸಂಗೀತ ಕಾರಂಜಿಯ ಕಡೆ ಧಾವಿಸುತ್ತಾರೆ. ನನಗೆ ಮಾತ್ರ ಆ ಕಾರಂಜಿಯ ಅಬ್ಬರಕ್ಕಿಂತ ಕಾಲುವೆಗಳ ಮೇಲೆ ಬಣ್ಣದ ದೀಪಗಳು ನಡುಗುವ ನೋಟವೇ ಇಷ್ಟ. ಕತ್ತಲಾಗುವ ಮುನ್ನ ಮೆಟ್ಟಿಲುಗಳನ್ನೆಲ್ಲ ಒಮ್ಮೆ ಹತ್ತಿ ಇಳಿದು ದಾರಿ ಗೊತ್ತು ಮಾಡಿಕೊಂಡಿದ್ದರೆ ರಾತ್ರಿ ಎಡವುವುದಿಲ್ಲ. ನೀರಿನ ಬದಿಯ ಥಂಡಿಗೆ ಮಕ್ಕಳಿಗೆ ಸ್ವೆಟರ್ ಇರಲಿ. ಮೈಸೂರಿನ ಚಳಿ ನಮಗೇನು ಲೆಕ್ಕ ಎಂದು ಹೋಗಿ ಕೆಮ್ಮುತ್ತಾ ಬಂದವರಲ್ಲಿ ನಾನೂ ಒಬ್ಬ.

ಪ್ರಶ್ನೆ: ನಮ್ಮ ರಾಜಾಸೀಟು ಉದ್ಯಾನದ ಮರಗಳಿಗೂ ಸೀರಿಯಲ್ ಸೆಟ್ ಸುತ್ತಿ ಮಾಗಿಯ ತಿಂಗಳಿಡೀ ದೀಪಾಲಂಕಾರ ಮಾಡಿದರೆ, ಸಂಜೆ ಆರಕ್ಕೆ ಖಾಲಿಯಾಗುವ ಜನ ಒಂಬತ್ತರವರೆಗೂ ಉಳಿಯುವುದಿಲ್ಲವೇ? ವ್ಯಾಪಾರಕ್ಕೂ ಒಳ್ಳೆಯದಲ್ಲವೇ? (ಮಡಿಕೇರಿ)

ಉತ್ತರ: ಉಳಿಯಬಹುದು. ವ್ಯಾಪಾರಿಗಳ ಕಷ್ಟವೂ ನನಗೆ ಗೊತ್ತು. ಆದರೂ ಈ ಸಲಹೆಯನ್ನು ನಾನು ಒಪ್ಪಲಾರೆ. ಮೈಸೂರಿನಲ್ಲಿ ಬಲ್ಬು ಕುಳಿತಿರುವುದು ಕಟ್ಟಡದ ಮೇಲೆ, ನೀವು ಕೇಳುತ್ತಿರುವುದು ಮರದ ಮೇಲೆ. ಕೊಂಬೆಗೆ ಬಿಗಿಯಾಗಿ ಸುತ್ತಿದ ತಂತಿಯನ್ನು ಬಿಚ್ಚಲು ಮರೆತರೆ ಕೊಂಬೆ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿಯುತ್ತದೆ, ಮೊಳೆ ಹೊಡೆದಲ್ಲಿ ಕೊಳೆ ಶುರುವಾಗುತ್ತದೆ. ತಿಂಗಳಿಡೀ ಬೆಳಕು ಉರಿದರೆ ರಾತ್ರಿಯ ಪತಂಗಗಳು ಹೂವು ಬಿಟ್ಟು ಬಲ್ಬನ್ನೇ ಸುತ್ತುತ್ತವೆ, ಅಲ್ಲಿ ಮಲಗುವ ಹಕ್ಕಿಗಳು ಜಾಗ ಬದಲಿಸುತ್ತವೆ. ಮಾಗಿಗೆಂದು ಕಟ್ಟಿದ ದೀಪ ಮಳೆಗಾಲದ ಹೊಸ್ತಿಲವರೆಗೂ ಉಳಿದುಬಿಟ್ಟರೆ, ಆಗ ಹೊರಡುವ ಮಿಂಚುಹುಳುಗಳಿಗೂ ಕಷ್ಟ. ಅವು ಜೊತೆಯನ್ನು ಕರೆಯುವುದೇ ಮಿನುಗಿನಿಂದ, ಸುತ್ತ ಬೆಳಕಿದ್ದರೆ ಆ ಕರೆ ಕಾಣಿಸುವುದಿಲ್ಲ.

ಮಡಿಕೇರಿಗೆ ದೀಪದ ಹಬ್ಬವಿಲ್ಲ ಎಂದೂ ಅಲ್ಲ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಬೆಳಗಿನ ಜಾವದವರೆಗೆ ಬೀದಿಯಲ್ಲಿ ಸಾಗುವಾಗ ಇರುವಷ್ಟು ಬೆಳಕು ನಮ್ಮ ಪುಟ್ಟ ಊರಿಗೆ ಧಾರಾಳವಾಯಿತು. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ಐನ್‌ಮನೆಯಲ್ಲಿ, ಅಂದರೆ ಕುಲದ ಹಿರಿಮನೆಯಲ್ಲಿ, ತೂಕ್‌ಬೊಳ್ಚ ಎಂಬ ತೂಗುದೀಪದ ಬೆಳಕಿನಲ್ಲಿ ಹೊಸ ಕದಿರು ಒಳಗೆ ತರುವವರಿಗೆ, ಸುತ್ತಲಿನ ಕತ್ತಲೇ ಆ ಒಂದು ದೀಪವನ್ನು ದೊಡ್ಡದಾಗಿಸುತ್ತದೆ ಎಂಬುದು ಗೊತ್ತಿರುವ ವಿಷಯ. ರಾಜಾಸೀಟಿನಲ್ಲಿ ಬೇಕಾಗಿರುವುದು ಮೆಟ್ಟಿಲು ಕಾಣುವಷ್ಟು, ಮೊಣಕಾಲಿನ ಎತ್ತರದ, ಕೆಳಮುಖವಾದ ಹಳದಿ ದೀಪಗಳು ಮಾತ್ರ. ಜನವರಿಯಲ್ಲಿ ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನದ ದಿನಗಳಿಗೆ ಬೇಕಾದರೆ ಇನ್ನಷ್ಟು ಹಾಕಲಿ, ಮುಗಿದ ಮರುದಿನ ಬಿಚ್ಚಲಿ.

ಬಂದ ನೆಂಟರನ್ನು ಸಂಜೆ ಹೆಚ್ಚು ಹೊತ್ತು ಹಿಡಿದಿಡಬೇಕೆಂದಿದ್ದರೆ ನಡಿಗೆಯನ್ನೇ ಉದ್ದ ಮಾಡಿ. ಮೂರೂವರೆಗೆ ಗದ್ದಿಗೆಯಿಂದ ಹೊರಡಿ. ಅಲ್ಲಿರುವ ಕೊಡಗಿನ ಅರಸರಾದ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳ ಗುಮ್ಮಟ, ಮಿನಾರುಗಳ ಮೇಲೆ ಆ ಹೊತ್ತಿನ ಓರೆ ಬಿಸಿಲು ಬೀಳುವುದು ಚೆಂದ. ಅಲ್ಲಿಂದ ಕೋಟೆಗೆ ಬಂದು ಮಕ್ಕಳಿಗೆ ಗಾರೆಯ ಆನೆಗಳನ್ನು ತೋರಿಸಿ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ಕೊಳದ ಬಳಿ ಸ್ವಲ್ಪ ಕುಳಿತು, ಐದೂವರೆಯೊಳಗೆ ರಾಜಾಸೀಟು ಸೇರಿಕೊಳ್ಳಿ. ಸೂರ್ಯ ಮುಳುಗಿದ ಐದು ನಿಮಿಷಕ್ಕೆ ಅರ್ಧದಷ್ಟು ಜನ ವಾಹನಗಳ ಕಡೆ ಓಡುತ್ತಾರೆ. ನೀವು ಕಮಾನಿನ ಮಂಟಪದ ಹತ್ತಿರವೇ ಇರಿ. ಬೆಟ್ಟಗಳು ದೂರದ್ದರಿಂದ ಹತ್ತಿರದ್ದಕ್ಕೆ ಒಂದೊಂದೇ ಸಾಲಾಗಿ ನೀಲಿಗೆ ತಿರುಗುತ್ತವೆ, ಕಣಿವೆಯಲ್ಲಿ ಮಂಜು ಕೂರುತ್ತದೆ, ಕೆಳಗೆ ಮಂಗಳೂರು ರಸ್ತೆಯಲ್ಲಿ ಒಂದು ಲಾರಿಯ ದೀಪ ತಿರುವಿನಲ್ಲಿ ಕಂಡು ಮರೆಯಾಗಿ ಮತ್ತೆ ಕಾಣುತ್ತದೆ.