ಮನೆಮಂದಿಯೆಲ್ಲ ಕೂತು ಕೇಳುವ ಸ್ಟ್ಯಾಂಡಪ್ ಹೊಟ್ಟೆ ತುಂಬಿಸೀತೇ?

ಮಂಡ್ಯದಲ್ಲಿ ಪದವಿ ಮುಗಿಸಿರುವ ತಾವು, ಅಶ್ಲೀಲದ ಸೋಂಕಿಲ್ಲದ ಸ್ಟ್ಯಾಂಡಪ್ ಕಾಮಿಡಿಯನ್ನೇ, ಅಂದರೆ ವೇದಿಕೆಯಲ್ಲಿ ಒಬ್ಬರೇ ನಿಂತು ಮಾತಿನಿಂದ ನಗಿಸುವ ಕಲೆಯನ್ನೇ, ವೃತ್ತಿಯಾಗಿಸಿಕೊಂಡರೆ ಬದುಕು ಸಾಗೀತೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ಎಂಟು ವರ್ಷಗಳಿಂದ ಇದೇ ಕೆಲಸದಲ್ಲಿರುವ ನಾನು ಖಂಡಿತ ಸಾಗುತ್ತದೆ ಎನ್ನುತ್ತೇನೆ. ಆದರೆ ಮೊದಲ ಎರಡು ಮೂರು ವರ್ಷ ಕೈಯಲ್ಲಿರುವ ಕೆಲಸವನ್ನು ಬಿಡಬೇಡಿ.

ನಮ್ಮ ಕಡೆ ಹಣ ಕೊಟ್ಟು ಕರೆಸುವವರು ಗಣೇಶೋತ್ಸವದ ಸಮಿತಿಗಳು, ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುವ ಸಂಘಗಳು, ಕಾಲೇಜುಗಳು ಮತ್ತು ಕಂಪನಿಗಳು. ಅಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಪ್ರೊ. ಎಂ. ಕೃಷ್ಣೇಗೌಡ, ಗಂಗಾವತಿ ಪ್ರಾಣೇಶ್, ಸುಧಾ ಬರಗೂರು ಅವರಂಥವರು ಹಾಸ್ಯೋತ್ಸವಗಳಲ್ಲಿ ಗಳಿಸಿಕೊಟ್ಟ ಈ ಪ್ರೇಕ್ಷಕರೇ ನಮಗೆ ದೊಡ್ಡ ಆಸ್ತಿ. ಅವರ ಹಾಸ್ಯ ಭಾಷಣಕ್ಕೆ ಕಥೆ, ಪದ್ಯ, ಗಾದೆಗಳ ಆಸರೆ ಇರುತ್ತದೆ. ಸ್ಟ್ಯಾಂಡಪ್‌ನಲ್ಲಿ ಎರಡು ಮೂರು ವಾಕ್ಯಕ್ಕೊಮ್ಮೆ ನಗು ಬರಬೇಕು.

ಮೊದಲ ವರ್ಷ, ಒಂದು ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ನಾನೊಂದು ದ್ವಂದ್ವಾರ್ಥದ ಮಾತು ಆಡಿದೆ. ಹಿಂದೆ ನಿಂತಿದ್ದ ಹುಡುಗರು ಶಿಳ್ಳೆ ಹೊಡೆದರು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಏನೂ ಹೇಳದೆ ಎದ್ದುಹೋದರು. ಅಂದು ರಾತ್ರಿಯೇ ಆ ಸಾಲನ್ನು ಹೊಡೆದುಹಾಕಿದೆನಾದರೂ ಅಲ್ಲೊಂದು ಖಾಲಿ ಜಾಗ ಉಳಿಯಿತು. ಕೆಟ್ಟ ಮಾತು ತೆಗೆದ ಮಾತ್ರಕ್ಕೆ ಹಾಸ್ಯ ಶುದ್ಧವಾಗುವುದಿಲ್ಲ, ಬರೀ ಸಪ್ಪೆಯಾಗುತ್ತದೆ. ಆ ಜಾಗವನ್ನು ಕಣ್ಣಾರೆ ಕಂಡ ಸಂಗತಿಯಿಂದ ತುಂಬಬೇಕು.

ನಾನು ತುಂಬಿದ್ದು ಹೀಗೆ. ಬಸ್ಸಿನಲ್ಲಿ ಕೂತ ಅಪ್ಪ ಫೋನಿನಲ್ಲಿ, ‘ಶ್ರೀರಂಗಪಟ್ಟಣ ದಾಟಿದೀನಿ, ಮುದ್ದೆಗೆ ಎಸರಿಡು’ ಎನ್ನುತ್ತಾರೆ. ಅದರ ಬೆನ್ನಿಗೇ ನಗು ಬರಿಸಬೇಕಾದ ನನ್ನ ಸಾಲು, ‘ಬಸ್ಸು ಇನ್ನೂ ಮಂಡ್ಯ ಸ್ಟ್ಯಾಂಡಲ್ಲೇ ನಿಂತಿತ್ತು.’ ಧ್ವನಿಮುದ್ರಣ ಕೇಳಿದಾಗ ಜನ ‘ಸ್ಟ್ಯಾಂಡಲ್ಲೇ’ ಎನ್ನುವಷ್ಟರಲ್ಲಿ ನಗಲು ಶುರುಮಾಡಿದ್ದರು, ನನ್ನ ‘ನಿಂತಿತ್ತು’ ಆ ನಗುವಿಗೇ ಅಡ್ಡ ಬಂದಿತ್ತು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಈ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ. ‘ನಿಂತಿತ್ತು’ ಕೈಬಿಟ್ಟ ಮೇಲೆ ನಗು ಇಮ್ಮಡಿಯಾಯಿತು. ಪ್ರತಿ ಪ್ರದರ್ಶನವನ್ನೂ ಫೋನಿನಲ್ಲಿ ಮುದ್ರಿಸಿಕೊಂಡು, ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು ಎಂದು ಗುರುತು ಹಾಕಿಕೊಳ್ಳಿ. ಐದು ನಿಮಿಷದ ಗಟ್ಟಿ ಹಾಸ್ಯ ಕೂಡಿಸಲು ನನಗೆ ಏಳು ತಿಂಗಳು ಹಿಡಿಯಿತು.

ಸಂಭಾವನೆಯನ್ನು ಮೊದಲೇ ಮಾತಾಡಿ, ಮುಂಗಡ ಪಡೆಯಿರಿ. ಆಷಾಢದಲ್ಲಿ ನನಗೆ ಕರೆಗಳು ತೀರ ವಿರಳ. ಆ ತಿಂಗಳನ್ನು ಹೊಸ ಸೆಟ್ (ಒಂದು ಪ್ರದರ್ಶನದಲ್ಲಿ ಹೇಳುವ ಹಾಸ್ಯದ ಸಾಲುಗಳು) ಬರೆಯಲು ಮೀಸಲಿಟ್ಟಿದ್ದೇನೆ.