ಕೇಕ್ ಬಿಟ್ಟು ಇನ್ನೇನ್ ಕಲಿತ?

ದಾವಣಗೆರೆಯಿಂದ ಒಬ್ಬ ತಾಯಿ ಬರೆದಿದ್ದಾರೆ. ಮಗನ ಸ್ಕೂಲಲ್ಲಿ ‘ಎಲ್ಲ ಧರ್ಮದ ಹಬ್ಬ’ ಅಂತ ಒಂದಿನ ಪ್ರೋಗ್ರಾಂ ಇತ್ತಂತೆ, ಇವರ ಮಗನ ಪಾಲಿಗೆ ಬಂದಿದ್ದು ಸಾಂಟಾ ಟೋಪಿ, ಹತ್ತಿ ಗಡ್ಡ, ಒಂದು ಚಾರ್ಟು. ರಾತ್ರಿ ಏನ್ ಕಲಿತ್ಯೋ ಅಂದ್ರೆ ‘ಕೇಕ್’ ಅಂದ. ಅತ್ತೆಯವರದ್ದು ಬೇರೆ ರಾಗ, ಮೊದ್ಲು ನಮ್ಮನೆ ಹಬ್ಬ ಕಲಿಸು, ಊರೋರ್ದು ಆಮೇಲೆ. ಸ್ಕೂಲೋ ಅತ್ತೆಯೋ, ಇಬ್ರಲ್ಲಿ ಯಾರು ಸರಿ ಅಂತ ಕೇಳಿದ್ದಾರೆ.

ಮೇಡಂ, ನಿಮ್ಮ ಮಗನ ತಪ್ಪೇನಿಲ್ಲ, ಅವನಿಗೆ ಕೊಟ್ಟಿದ್ದೇ ಕೇಕು. ಒಂದೇ ದಿನದಲ್ಲಿ ಐದಾರು ಧರ್ಮ ತೋರಿಸ್ತೀವಿ ಅಂತ ಹೊರಟ್ರೆ ಟೋಪಿ, ಸ್ವೀಟು ಬಿಟ್ಟು ಇನ್ನೇನ್ ಉಳಿಯುತ್ತೆ ಹೇಳಿ. ಹತ್ತು ಹಬ್ಬದ ಚಾರ್ಟ್ ಬಿಟ್ಟು ಒಂದೇ ಒಂದು ಹಬ್ಬ ಹಿಡ್ಕೊಳ್ಳಿ, ಅದರ ಅಡುಗೆಮನೆವರೆಗೂ ಹೋಗಿ ಅಂತೀನಿ ನಾನು.

ಕ್ರಿಶ್ಚಿಯನ್ನರ ಹಬ್ಬನೇ ಬೇಕು ಅಂದ್ರೆ ನಮ್ಮ ಮಂಗಳೂರಿನ ಮೊಂತಿ ಫೆಸ್ತ್ ತಗೊಳ್ಳಿ. ಸೆಪ್ಟೆಂಬರ್ 8, ಮೇರಿ ಮಾತೆ ಹುಟ್ಟಿದ ದಿನ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಗೊಂಡು ಚರ್ಚಿಗೆ ಹೋಗ್ತಾರೆ, ಕಾಡು ಹೂವೋ ತೋಟದ ಹೂವೋ ಏನು ಸಿಕ್ಕರೂ ನಡೆಯುತ್ತೆ. ಹಬ್ಬದ ದಿನ ಚರ್ಚಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೊಂದಿಷ್ಟು ಕೊಡ್ತಾರೆ, ಮಕ್ಕಳಿಗೆ ಕಬ್ಬಿನ ತುಂಡು. ಮನೆಗೆ ಬಂದ ಮೇಲೆ ಹಿರಿಯರು ಆ ತೆನೆಯಿಂದ ನಾಲ್ಕು ಕಾಳು ಬಿಡಿಸಿ ಸಿಪ್ಪೆ ತೆಗೆದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಸೇರಿಸ್ತಾರೆ, ಪ್ರಾರ್ಥನೆ ಆದ್ಮೇಲೆ ಎಲ್ಲರಿಗೂ ಒಂದೊಂದು ಚಮಚ. ಮೀನಿಲ್ದೆ ಒಂದಿನ ಕಳೆಯೋದೇ ಕಷ್ಟ ಅನ್ನೋ ಮನೆಗಳಲ್ಲೂ ಅವತ್ತು ಬಾಳೆಎಲೆ ಮೇಲೆ ಬರೀ ತರಕಾರಿ ಊಟ, ಪಲ್ಯಗಳ ಲೆಕ್ಕ ಬೆಸವೇ ಇರಬೇಕು, ಐದೋ ಏಳೋ. ಕೆಸುವಿನ ದಂಟು, ಹರಿವೆ, ಅಮಟೆಕಾಯಿ ಹಾಕಿದ ಪದಾರ್ಥ ಒಂದು ಇದ್ದೇ ಇರುತ್ತೆ. ಗಲ್ಫಲ್ಲಿರೋ ಮಗನಿಗೆ ನಾಲ್ಕು ಭತ್ತದ ಕಾಳನ್ನ ಕಾಗದದ ಜೊತೆ ಕವರಲ್ಲಿ ಹಾಕಿ ಪೋಸ್ಟ್ ಮಾಡೋರಿದ್ರು, ಹೊಸ ಅಕ್ಕಿ ಊಟದಲ್ಲಿ ಅವನ ಪಾಲು ತಪ್ಪಬಾರದು ಅಂತ. ಈ ಹಬ್ಬದಲ್ಲಿ ಸಾಂಟಾ ಎಲ್ಲಿ ಕೂರಬೇಕು ಪಾಪ!

ಈಗ ನಿಮ್ಮ ಮಗ ಕೇಳಬಹುದು, ಕ್ರಿಶ್ಚಿಯನ್ನರು ಯಾಕಮ್ಮ ಭತ್ತಕ್ಕೆ ಕೈ ಮುಗೀತಾರೆ ಅಂತ. ಇತಿಹಾಸ ಅಲ್ಲಿಂದ ಶುರು ಆಗ್ಲಿ. ಇವರಲ್ಲಿ ಬಹಳಷ್ಟು ಜನರ ಹಿರಿಯರು ಗೋವಾದಿಂದ ಬಂದೋರು, ಕೆಲವರು ಬರಗಾಲಕ್ಕೆ, ಕೆಲವರು ಮರಾಠರ ದಾಳಿಗೆ, ಇನ್ನು ಕೆಲವರು 1560ರಲ್ಲಿ ಗೋವಾದಲ್ಲಿ ಶುರುವಾದ ಇನ್‌ಕ್ವಿಸಿಷನ್‌ಗೆ ಹೆದರಿ, ಅಂದ್ರೆ ಕ್ರಿಶ್ಚಿಯನ್ನರೇ ಚರ್ಚಿನ ಕೋರ್ಟಿಗೆ ಹೆದರಿ ಊರು ಬಿಟ್ಟಿದ್ದು. ಕೆಳದಿ ನಾಯಕರ ಸೀಮೆಲಿ ಇವರಿಗೆ ಬೇಸಾಯಕ್ಕೆ ನೆಲ ಸಿಕ್ತು. ಗದ್ದೆ ಮಾಡೋರಿಗೆ ಹೊಸ ಅಕ್ಕಿ ಹಬ್ಬ ಬೇಡ ಅಂದ್ರೆ ಆಗುತ್ತಾ? ಅಕ್ಕಪಕ್ಕದ ತುಳುವರ ಮನೆಲೂ ತೆನೆ ಕಟ್ಟೋದಿದೆ, ಕೊಡಗಲ್ಲಿ ಪುತ್ತರಿ ರಾತ್ರಿ ‘ಪೊಲಿ ಪೊಲಿ ದೇವಾ’ ಅಂತ ಕೂಗ್ತಾ ಕದಿರು ಕೊಯ್ದು ತರ್ತಾರೆ.

ಕಹಿ ಭಾಗನೂ ಬಿಡಬೇಡಿ. 1784ರ ಫೆಬ್ರವರಿಲಿ, ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗೋ ಬೂದಿ ಬುಧವಾರದ ದಿನ, ಟಿಪ್ಪು ಇವರನ್ನ ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ, ಬದುಕಿ ಉಳಿದೋರು ವಾಪಸ್ ಬಂದಿದ್ದು 1799ರಲ್ಲಿ ಅವನು ಸತ್ತ ಮೇಲೆ. ಎಷ್ಟು ಜನ ಅನ್ನೋದಕ್ಕೆ ಇವತ್ತಿಗೂ ಜಗಳ ಇದೆ, ಆದರೆ ಹೋದದ್ದು ಸುಳ್ಳಲ್ಲ. ಇದೇ ಟಿಪ್ಪು 1791ರಲ್ಲಿ ಮರಾಠಾ ಸೈನ್ಯದೋರು ಶೃಂಗೇರಿ ಮಠ ಲೂಟಿ ಮಾಡಿದಾಗ ಮಠಕ್ಕೆ ಹಣ, ಸಾಮಾನು ಕಳಿಸಿದ, ಸ್ವಾಮಿಗಳಿಗೆ ಬರೆದ ಕಾಗದಗಳೂ ಇವೆ. ಎರಡನ್ನೂ ಹೇಳಿ. ಒಂದನ್ನ ಹೇಳಿ ಇನ್ನೊಂದನ್ನ ನುಂಗೋರು ಟಿವಿಲಿ ಬೇಕಾದಷ್ಟಿದ್ದಾರೆ, ಮನೆಲಾದ್ರೂ ಪೂರ್ತಿ ಕಥೆ ಇರ್ಲಿ. ಜೊತೆಗೆ, ಇನ್ನೂರು ವರ್ಷದ ಹಿಂದಿನ ಸುಲ್ತಾನನ ಲೆಕ್ಕನ ಪಕ್ಕದ ಬೆಂಚಿನ ಹುಡುಗನ ಹತ್ರ ಕೇಳೋಕೆ ಹೋಗಬಾರದು ಅನ್ನೋದನ್ನೂ ಬಾಯ್ಬಿಟ್ಟೇ ಹೇಳಿ, ಎಂಟು ವರ್ಷದ ಹುಡುಗನಿಗೂ ಅರ್ಥ ಆಗುತ್ತೆ.

ಇನ್ನು ಅತ್ತೆಯವರ ಮಾತು. ಅದನ್ನ ನಾನು ತಳ್ಳಿ ಹಾಕಲ್ಲ, ಆದ್ರೆ ‘ಮೊದ್ಲು, ಆಮೇಲೆ’ ಅನ್ನೋ ಕ್ಯೂ ಒಪ್ಪಲ್ಲ. ನಮ್ಮ ಕಡೆ ಭೂಮಿ ಹುಣ್ಣಿಮೆ ಅಂತ ಇದೆ, ಪೈರು ಬಸುರಿ ಅಂತ ಗದ್ದೆಗೆ ಬಯಕೆ ಊಟ ಹಾಕೋದು. ಚಿಕ್ಕವನಿದ್ದಾಗಿಂದ ಕಂಡ ಹಬ್ಬ, ಯಾಕೆ ಅಂತ ಒಂದಿನ ಕೇಳಿರಲಿಲ್ಲ, ಊಟ ಚೆನ್ನಾಗಿತ್ತು ಅಷ್ಟೇ. ಮಂಗಳೂರಲ್ಲಿ ಗೆಳೆಯನ ಮನೆ ಊಟಕ್ಕೆ ಕೂತು ಅವನಮ್ಮಂಗೆ ಇದು ಯಾಕೆ ಅದು ಯಾಕೆ ಅಂತ ತಲೆ ತಿಂದೆ, ಆಕೆ ಎಲ್ಲಾ ಹೇಳಿ ‘ನಿಮ್ಮಲ್ಲಿ ಹೇಗೆ?’ ಅಂದ್ರು. ನನ್ನತ್ರ ಉತ್ತರ ಇರ್ಲಿಲ್ಲ. ಊರಿಗೆ ಫೋನ್ ಮಾಡಿ ದೊಡ್ಡಮ್ಮನ್ನ ಕೇಳಿದ್ಮೇಲೇ ಬಯಕೆ ಊಟದ ಕಥೆ ಗೊತ್ತಾಗಿದ್ದು.

ನಿಮ್ಮ ಅತ್ತೆಯವರು ಹೊಲಕ್ಕೆ ಚರಗ ಚೆಲ್ಲೋದು, ಅಂದ್ರೆ ಹಬ್ಬದ ಅಡುಗೆನ ಪೈರಿಗೆ ಎರಚೋದು, ನೋಡೇ ಇರ್ತಾರೆ. ಮಗನ ಕೈಲಿ ನೋಟ್‌ಬುಕ್ ಕೊಟ್ಟು ಅವರ ಮುಂದೆ ಕೂರಿಸಿ, ಏನೇನ್ ಅಡುಗೆ, ಯಾರು ಚೆಲ್ಲೋರು, ಈಗಲೂ ಚೆಲ್ತಾರಾ, ಎಲ್ಲಾ ಕೇಳ್ಲಿ. ಆಮೇಲೆ ಇದೇ ಪ್ರಶ್ನೆಗಳನ್ನ ಅವನ ಕ್ಲಾಸಿನ ಕ್ರಿಶ್ಚಿಯನ್ ಹುಡುಗನ ಮನೆಲೋ ಮುಸ್ಲಿಂ ಹುಡುಗನ ಮನೆಲೋ ಹೋಗಿ ಕೇಳ್ಲಿ. ಹೋಗೋ ಮುಂಚೆ ಫೋನ್ ಮಾಡಿ, ಹಬ್ಬದ ದಿನನೇ ನುಗ್ಗಬೇಡಿ, ಅವತ್ತು ಯಾರಿಗೂ ಪುರಸೊತ್ತಿರಲ್ಲ. ಬರೆದಿದ್ದನ್ನ ನಮಗೂ ಕಳಿಸಿ, ಕಾಗುಣಿತ ತಿದ್ದದೇ ಹಾಗೇ ಹಾಕ್ತೀವಿ.

– ಸಂಪಾದಕ